ಗೇಮ್ ಬಾಯ್‌ಗೆ ಬಂದ ಆರ್-ಟೈಪ್: ಎರಡು ಬಟನ್, ಒಂದು ಫೋರ್ಸ್

ಆರ್-ಟೈಪ್‌ನಂಥ ಬಾಹ್ಯಾಕಾಶ ಶೂಟರ್ ಆಟವನ್ನು ಗೇಮ್ ಬಾಯ್ ಎಂಬ ಅಂಗೈ ವಿಡಿಯೋ ಗೇಮ್ ಯಂತ್ರದಲ್ಲಿ ಯಾಕೆ ಆಡಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಆ ಯಂತ್ರದ ಬಟನ್‌ಗಳ ಮಾತು ಎತ್ತುತ್ತೇನೆ. ಎ ಮತ್ತು ಬಿ, ಎರಡೇ ಎರಡು. ಜಪಾನಿನ ಐರೆಮ್ ಕಂಪನಿ 1987ರಲ್ಲಿ ಈ ಆಟವನ್ನು ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ದೊಡ್ಡ ಯಂತ್ರಕ್ಕೆ, ತಂದಾಗ ಅಲ್ಲೂ ಇದ್ದದ್ದು ಒಂದು ಜಾಯ್‌ಸ್ಟಿಕ್, ಎರಡು ಬಟನ್. ಒಂದು ಗುಂಡು ಹೊಡೆಯಲು. ಇನ್ನೊಂದು ಫೋರ್ಸ್ ಅನ್ನು, ಅಂದರೆ ನೌಕೆಯ ಜೊತೆಗಿರುವ ಕವಚವನ್ನು, ಬಿಡಲು ಮತ್ತು ವಾಪಸ್ ಕರೆಯಲು. ದೊಡ್ಡ ಯಂತ್ರದಿಂದ ಅಂಗೈ ಯಂತ್ರಕ್ಕೆ ಬರುವಾಗ ಆಡುವವರ ಕೈಗೆ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಕಣ್ಣಿಗೆ, ಸ್ವಲ್ಪ ಕಿವಿಗೆ. ಈ ಆಟದ ಜೀವ ಇರುವುದು ಕೈಯಲ್ಲಿ. ಅದಕ್ಕೇ 1991ರ ಈ ಕಾರ್ಟ್ರಿಡ್ಜ್ ಇಂದಿಗೂ ನನ್ನ ಮಟ್ಟಿಗೆ ಹಳೆಯ ಗೇಮ್ ಬಾಯ್‌ನ ಅತ್ಯುತ್ತಮ ಬಾಹ್ಯಾಕಾಶ ಶೂಟರ್.

ಇದನ್ನು ಗೇಮ್ ಬಾಯ್‌ಗೆ ಇಳಿಸಿದ್ದು ಬ್ರಿಟನ್ನಿನ ಬಿಟ್ಸ್ ಸ್ಟುಡಿಯೋಸ್. ಆರ್ಕೇಡ್ ಆಟವನ್ನು ಚಿಕ್ಕ ಯಂತ್ರಕ್ಕೆ ತರುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಎಲ್ಲವನ್ನೂ ತುರುಕಲು ಹೋಗಿ ಯಾವುದೂ ನೆಟ್ಟಗೆ ನಡೆಯದ ಹಾಗೆ ಮಾಡುತ್ತಾರೆ. ಇಲ್ಲವೇ ಹೆಸರು ಮಾತ್ರ ಉಳಿಸಿಕೊಂಡು ಬೇರೆಯೇ ಆಟ ಕೊಡುತ್ತಾರೆ. ಇಲ್ಲಿ ಕೂತು ಕೆಲಸ ಮಾಡಿದವರಿಗೆ ಈ ಆಟ ಯಾಕೆ ಚೆನ್ನಾಗಿದೆ ಅನ್ನುವುದು ಗೊತ್ತಿತ್ತು. ಆಡುತ್ತಾ ಹೋದಂತೆ ಅದು ಕಾಣುತ್ತದೆ.

ಕಥೆ ಒಂದೇ ಸಾಲಿನದು. ಬೈಡೋ ಎಂಬ ಶತ್ರು, ಅದರ ವಿರುದ್ಧ ಆರ್-9 ಎಂಬ ಒಂದೇ ನೌಕೆ, ಎಡದಿಂದ ಬಲಕ್ಕೆ ಪಯಣ. ಅಷ್ಟು ಸಾಕು. ಹೇಳಬೇಕಾದದ್ದು ಫೋರ್ಸ್ ಬಗ್ಗೆ.

ಫೋರ್ಸ್ ಅಂದರೆ ನೌಕೆಯ ಜೊತೆ ಬರುವ ಒಂದು ಗುಂಡನೆಯ ಕವಚ. ಪವರ್ ಐಟಂ ಹೊತ್ತು ತರುವ ಪುಟ್ಟ ರೋಬೋವನ್ನು ಹೊಡೆದು, ಅದು ಬಿಟ್ಟ ಹರಳನ್ನು ತೆಗೆದುಕೊಂಡರೆ ಇದು ಬರುತ್ತದೆ. ನೌಕೆಯ ಮೂತಿಗೆ ಅಂಟಿಸಬಹುದು, ಬಾಲಕ್ಕೂ ಅಂಟಿಸಬಹುದು. ಬಟನ್ ಒತ್ತಿ ಮುಂದಕ್ಕೆ ಎಸೆಯಬಹುದು, ಮತ್ತೆ ಒತ್ತಿ ಹತ್ತಿರಕ್ಕೆ ಕರೆಯಬಹುದು. ಅದಕ್ಕೆ ಸಾವಿಲ್ಲ. ಸಾಮಾನ್ಯ ಗುಂಡುಗಳನ್ನು ಅದು ನುಂಗಿಹಾಕುತ್ತದೆ. ಶತ್ರುವಿಗೆ ತಗುಲಿದರೆ ಶತ್ರು ಸಾಯುತ್ತದೆ. ಆದರೆ ನೌಕೆಗೆ ಅಂಟಿಕೊಂಡಿದ್ದಾಗ ಮಾತ್ರ ಲೇಸರ್ ಸಿಗುತ್ತದೆ. ಎಸೆದುಬಿಟ್ಟರೆ ಫೋರ್ಸ್ ನೀವು ಹೊಡೆದಾಗೆಲ್ಲ ತಾನೂ ಸಣ್ಣ ಗುಂಡು ಹೊಡೆಯುತ್ತಾ ದೂರದಲ್ಲಿ ತೇಲುತ್ತದೆ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಸಾದಾ ಗುಂಡು, ಮತ್ತು ಬಟನ್ ಒತ್ತಿ ಹಿಡಿದರೆ ತುಂಬಿಕೊಳ್ಳುವ ಬೀಮ್.

ಹಾಗಾಗಿ ಇಲ್ಲಿ ಪ್ರತಿ ಕ್ಷಣ ಒಂದು ಲೆಕ್ಕಾಚಾರ ನಡೆಯುತ್ತಲೇ ಇರುತ್ತದೆ. ಫೋರ್ಸ್ ಈಗ ಎಲ್ಲಿರಬೇಕು? ಮುಂದೆ ಇದ್ದರೆ ಮುಖಕ್ಕೆ ಕಾವಲು, ಬೆನ್ನು ಖಾಲಿ. ಹಿಂದೆ ಇದ್ದರೆ ಬೆನ್ನಿಗೆ ಕಾವಲು, ಮುಂದಿನ ದಾರಿಗೆ ನಿಮ್ಮ ಬೆರಳಿನ ಚುರುಕೇ ಗತಿ. ಎಸೆದರೆ ಶತ್ರುವಿನ ಬಾಯೊಳಗೇ ಕೂರಿಸಬಹುದು, ಆದರೆ ಅಲ್ಲಿಯವರೆಗೆ ನೀವು ಬರಿಮೈ. ಬೀಮ್‌ನದೂ ಇಂಥದ್ದೇ ಬಿಗಿ. ಅದನ್ನು ತುಂಬಿಸುವಾಗ ಗುಂಡು ಹೊಡೆಯುವ ಹಾಗಿಲ್ಲ. ತುಂಬುವ ತನಕ ಸುಮ್ನೆ ತಪ್ಪಿಸಿಕೊಳ್ಳುತ್ತಾ ಕಾಯಬೇಕು. ಬಟನ್ ಬಿಟ್ಟ ಕ್ಷಣ ಸಾಲಾಗಿ ಬರುತ್ತಿದ್ದ ಸಣ್ಣ ಶತ್ರುಗಳೆಲ್ಲ ಒಟ್ಟಿಗೆ ಹೋಗುತ್ತವೆ. ಎಷ್ಟು ಸಲ ಮಾಡಿದರೂ ಬೇಜಾರಾಗದ ಖುಷಿ ಅದು.

ಬೇರೆ ಎಷ್ಟೋ ಶೂಟರ್‌ಗಳಲ್ಲಿ ಗುಂಡಿನ ಮಳೆಯೇ ಮುಖ್ಯ. ಚಿಕ್ಕ ಯಂತ್ರಕ್ಕೆ ಬಂದಾಗ ಮಳೆ ತುಂತುರು ಆಗುತ್ತದೆ, ಆಟವೇ ಸಪ್ಪೆಯಾಗುತ್ತದೆ. ಆರ್-ಟೈಪ್ ನಿಧಾನದ ಆಟ. ಎಲ್ಲಿ ನಿಲ್ಲಬೇಕು, ಯಾವಾಗ ಎಸೆಯಬೇಕು, ಯಾವಾಗ ಕಾಯಬೇಕು ಅನ್ನುವುದೇ ಇದರ ಹೂರಣ. ಸ್ಕ್ರೀನ್ ಚಿಕ್ಕದಾದರೂ ಆ ಹೂರಣ ಹಾಗೇ ಉಳಿದಿದೆ.

ಸ್ಕ್ರೀನ್ ಎಷ್ಟು ಚಿಕ್ಕದು ಅಂತ ಸ್ವಲ್ಪ ನೋಡೋಣ. ಆರ್ಕೇಡ್‌ನ ಆರ್-ಟೈಪ್ ಓಡುತ್ತಿದ್ದದ್ದು ಐರೆಮ್‌ನ ಎಂ72 ಬೋರ್ಡ್ ಮೇಲೆ. ಚಿತ್ರ 384×256 ಪಿಕ್ಸೆಲ್. ಗೇಮ್ ಬಾಯ್‌ನದು 160×144. ಗುಣಿಸಿ ನೋಡಿದರೆ ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ ಜಾಗ. ಅದರಲ್ಲೂ ಹೆಚ್ಚು ಕತ್ತರಿ ಬಿದ್ದಿರುವುದು ಅಗಲಕ್ಕೆ. ಅಡ್ಡಕ್ಕೆ ಓಡುವ ಆಟಕ್ಕೆ ಇದು ದೊಡ್ಡ ಪೆಟ್ಟು. ಯಾಕೆಂದರೆ ಅಗಲ ಅಂದರೆ ಇಲ್ಲಿ ಸಮಯ. ಶತ್ರು ಬಲಗಡೆ ಕಾಣಿಸಿಕೊಂಡ ಕ್ಷಣದಿಂದ ನಿಮ್ಮ ಮೂತಿಗೆ ಬಡಿಯುವ ತನಕ ಇರುವ ಜಾಗವೇ ನಿಮಗೆ ಸಿಗುವ ಯೋಚನೆಯ ಅವಧಿ. ಬಣ್ಣದ ಮಾತಂತೂ ಬೇಡ, ನಾಲ್ಕೇ ಛಾಯೆ.

ಇದಕ್ಕೆ ಬಿಟ್ಸ್ ಸ್ಟುಡಿಯೋಸ್ ಕಂಡುಕೊಂಡ ದಾರಿ ನನಗೆ ತುಂಬಾ ಹಿಡಿಸಿತು. ನೌಕೆಯನ್ನು ಗುರುತೇ ಸಿಗದಷ್ಟು ಕುಗ್ಗಿಸಿಲ್ಲ. ಆರ್-9ರ ಉದ್ದ ಮೂತಿ, ಗಾಜಿನ ಗೂಡು ಎರಡೂ ಕಾಣುತ್ತವೆ. ಅದರ ಬದಲು ಆಟದ ಓಟವನ್ನೇ ಜಾಗಕ್ಕೆ ತಕ್ಕ ಹಾಗೆ ಹೊಂದಿಸಿದ್ದಾರೆ. ಆರ್ಕೇಡ್ ಆಡಿ ಬಂದ ನನ್ನ ಕಣ್ಣಿಗೆ ಇಲ್ಲಿನ ಗುಂಡುಗಳು ಸ್ವಲ್ಪ ನಿಧಾನ, ಒಮ್ಮೆಗೆ ಮೈಮೇಲೆ ಬೀಳುವ ಶತ್ರುಗಳೂ ಕಡಿಮೆ. ಇದರಿಂದ ಆಟ ಸುಲಭವಾಯಿತು ಅಂತ ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೋಡುವ ಜಾಗ ಕಡಿಮೆ ಮಾಡಿ ವೇಗ ಹಾಗೇ ಇಟ್ಟಿದ್ದರೆ ಅದು ಕಷ್ಟದ ಆಟ ಆಗುತ್ತಿರಲಿಲ್ಲ, ಅನ್ಯಾಯದ ಆಟ ಆಗುತ್ತಿತ್ತು.

ಇಲ್ಲಿ ಒಂದು ಪಕ್ಕದ ಮಾತು. ಸ್ಪೇಸ್ ಇನ್ವೇಡರ್ಸ್, ಗ್ಯಾಲಗ ಮುಂತಾದ ಹಳೆಯ ಶೂಟರ್‌ಗಳಿಗೆ ಗೇಮ್ ಬಾಯ್‌ನಲ್ಲಿ ಇನ್ನೂ ದೊಡ್ಡ ತೊಂದರೆ ಇತ್ತು. ಅವುಗಳ ಆರ್ಕೇಡ್ ಸ್ಕ್ರೀನ್ ಉದ್ದಕ್ಕೆ ನಿಂತಿರುತ್ತಿತ್ತು, ಗೇಮ್ ಬಾಯ್‌ನದು ಅಡ್ಡ. ಶತ್ರುಗಳು ಮೇಲಿಂದ ಇಳಿದು ಬರುವ ದೂರವೇ ಅಲ್ಲಿ ಆಟದ ಉಸಿರು, ಅದೇ ಮೊಟಕಾಯಿತು. ಆ ಮಟ್ಟಿಗೆ ಆರ್-ಟೈಪ್‌ನ ಅದೃಷ್ಟ ಚೆನ್ನಾಗಿತ್ತು.

ಮೊದಲ ಲೆವೆಲ್ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಈ ಆಟದ ಪಾಠವೆಲ್ಲ ಅದರಲ್ಲೇ ಇದೆ. ಮೊದಲಿಗೆ ಖಾಲಿ ಆಕಾಶ. ರೆಕ್ಕೆ ಬಡಿಯುತ್ತಾ ಅಲೆಯಂತೆ ಮೇಲೆ ಕೆಳಗೆ ತೇಲಿ ಬರುವ ಸಣ್ಣ ಶತ್ರುಗಳು. ಅವು ಸಾಲಾಗಿ ಬರುವುದೇ ಬೀಮ್ ಕಲಿಸಲು. ಗುಂಡು ಬಡಿಯುತ್ತಾ ಇದ್ದರೆ ಒಂದೊಂದಾಗಿ ಹೊಡೆಯಬೇಕು. ತಾಳ್ಮೆಯಿಂದ ಬೀಮ್ ತುಂಬಿಸಿ, ಸಾಲು ನೇರವಾದ ಕ್ಷಣ ಬಿಟ್ಟರೆ ಇಡೀ ಸಾಲೇ ಮಾಯ. ಆಮೇಲೆ ಲೋಹದ ಗೋಡೆಗಳ ನಡುವಿನ ದಾರಿ ಶುರು. ಮೇಲೆ ಕೆಳಗೆ ಫಿರಂಗಿಗಳು, ನೆಲದ ಮೇಲೆ ನಡೆದಾಡುವ ರೋಬೋಗಳು. ಇಲ್ಲಿ ಫೋರ್ಸ್ ಸಿಗುತ್ತದೆ. ಮುಂದೆ ಫಿರಂಗಿಗಳನ್ನು ಹೊತ್ತು ತಿರುಗುವ ದೊಡ್ಡ ಬಳೆಯಾಕಾರದ ಯಂತ್ರ. ಅದರ ನಡುವೆ ನುಗ್ಗಬೇಕೋ, ಹೊರಗೇ ನಿಂತು ಫೋರ್ಸ್ ಎಸೆಯಬೇಕೋ ಅನ್ನುವುದು ಮೊದಲ ನಿಜವಾದ ತೀರ್ಮಾನ.

ಕೊನೆಗೆ ಡಾಬ್‌ಕೆರಾಟಾಪ್ಸ್. ಶೂಟರ್ ಆಟಗಳ ಇತಿಹಾಸದಲ್ಲೇ ಹೆಸರಾದ ಬಾಸ್, ಅಂದರೆ ಲೆವೆಲ್‌ನ ಕೊನೆಗೆ ಎದುರಾಗುವ ದೊಡ್ಡ ಶತ್ರು. ಸ್ಕ್ರೀನಿನ ಬಲಗಡೆಯನ್ನೆಲ್ಲ ಆಕ್ರಮಿಸಿ ನಿಂತಿರುವ ದೊಡ್ಡ ದೇಹ. ಹೊಟ್ಟೆಯಿಂದ ಇನ್ನೊಂದು ಜೀವಿ ತಲೆ ಹೊರಗೆ ಹಾಕುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಅದೇ ಇದರ ಮರ್ಮ. ದೊಡ್ಡ ತಲೆಗೆ ಎಷ್ಟು ಹೊಡೆದರೂ ಪ್ರಯೋಜನವಿಲ್ಲ. ಹೊಟ್ಟೆಯ ಎದುರು ನಿಂತು ಫೋರ್ಸ್ ಎಸೆದರೆ ಅದು ಹೋಗಿ ಹೊಟ್ಟೆಗೇ ಅಂಟಿಕೊಂಡು ಬಡಿಯುತ್ತಾ ಇರುತ್ತದೆ. ಈ ಕಡೆಯಿಂದ ನೀವು ಬೀಮ್ ತುಂಬಿಸಿ ಬಿಡುತ್ತಾ ಇರಬೇಕು. ಇಬ್ಬರು ಸೇರಿ ಹೋರಾಡಿದ ಹಾಗಿರುತ್ತದೆ. ಗೇಮ್ ಬಾಯ್‌ನ ನಾಲ್ಕು ಛಾಯೆಗಳಲ್ಲೂ ಈ ಬಾಸ್ ಅಸಹ್ಯ ಹುಟ್ಟಿಸುವಷ್ಟು ಚೆನ್ನಾಗಿ ಮೂಡಿದೆ. ಪಕ್ಕೆಲುಬು, ಚರ್ಮದ ಮಡಿಕೆ, ಹೊಟ್ಟೆಯ ಜೀವಿಯ ಕಣ್ಣು, ಎಲ್ಲವೂ. ಬಣ್ಣ ಇಲ್ಲದ್ದರಿಂದ ಇದಕ್ಕೆ ಹಳೆಯ ಕಪ್ಪು-ಬಿಳುಪು ಭಯಾನಕ ಚಿತ್ರದ ಕಳೆ ಬಂದಿದೆ ಅಂತ ನನಗನ್ನಿಸುತ್ತದೆ.

ಈಗ ಒಂದು ಕೊರತೆ. ಇದು ಆಟದ್ದಲ್ಲ, ಯಂತ್ರದ್ದು. ಆದರೂ ಆಡುವವರು ತಿಳಿದಿರಬೇಕು. 1989ರ ಮೊದಲ ಗೇಮ್ ಬಾಯ್‌ನ ಎಲ್‌ಸಿಡಿ ಸ್ಕ್ರೀನ್ ಬಹಳ ನಿಧಾನ. ಒಂದು ಚುಕ್ಕಿ ಕಪ್ಪಾಗಿ ಮತ್ತೆ ತಿಳಿಯಾಗಲು ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿ ಓಡುವ ವಸ್ತುಗಳೆಲ್ಲ ಒದ್ದೆ ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ ಹಿಂದೆ ಗೆರೆ ಬಿಡುತ್ತವೆ. ಒಂದೊಂದು ಹೆಜ್ಜೆ ಇಡುವ ಒಗಟಿನ ಆಟಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಸದಾ ಉರುಳುತ್ತಿರುವ ಹಿನ್ನೆಲೆಯ ಮೇಲೆ ಪುಟ್ಟ ಗುಂಡು ಹುಡುಕಬೇಕಾದ ಆಟದಲ್ಲಿ ಇದೇ ದೊಡ್ಡ ಶತ್ರು. ಸ್ಕ್ರೀನಿಗೆ ಒಳಗಿನ ಬೆಳಕೂ ಇಲ್ಲ. ಕಾಂಟ್ರಾಸ್ಟ್ ಚಕ್ರ ತಿರುಗಿಸಿ ಸರಿಮಾಡಿಕೊಂಡರೂ ಗೋಡೆಯ ಗೆರೆಗಳ ನಡುವೆ ಬರುವ ಗುಂಡು ಕೆಲವೊಮ್ಮೆ ಕಣ್ಣು ತಪ್ಪಿಸುತ್ತದೆ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಹಳೆಯ ಇಟ್ಟಿಗೆಯಂಥ ಗೇಮ್ ಬಾಯ್ ಮೇಲೆ ಎಷ್ಟೇ ಪ್ರೀತಿ ಇರಲಿ, ಈ ಆಟವನ್ನು ಅದರಲ್ಲಿ ಕಲಿಯಬೇಡಿ. 1996ರ ಗೇಮ್ ಬಾಯ್ ಪಾಕೆಟ್‌ನ ಸ್ಕ್ರೀನ್ ಎಷ್ಟೋ ವಾಸಿ. 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಇನ್ನೂ ಉತ್ತಮ. ಅದರಲ್ಲಿ ಸ್ಕ್ರೀನಿಗೆ ಬೆಳಕಿದೆ, ಹಳೆಯ ಕಾರ್ಟ್ರಿಡ್ಜ್‌ಗಳೂ ಓಡುತ್ತವೆ. ನಾನು ಜಾಸ್ತಿ ಆಡಿರುವುದು ಎಸ್‌ಪಿಯಲ್ಲೇ. ಗೆರೆ ಬಿಡುವ ತೊಂದರೆ ತಗ್ಗಿದಾಗ ಬಿಟ್ಸ್ ಸ್ಟುಡಿಯೋಸ್‌ನವರು ಗುಂಡುಗಳನ್ನು ಎಷ್ಟು ಜಾಗರೂಕತೆಯಿಂದ ಇಟ್ಟಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಲೇಸರ್‌ಗಳ ವಿಷಯಕ್ಕೆ ಬರೋಣ. ಆರ್ಕೇಡ್‌ನಲ್ಲಿ ಅವು ಮೂರು, ಬಣ್ಣದಿಂದ ಗುರುತು. ಕೆಂಪು ಎರಡು ಎಳೆಯಾಗಿ ಹೆಣೆದುಕೊಂಡು ಮುಂದಕ್ಕೆ ಹೋಗುತ್ತದೆ. ನೀಲಿ ಓರೆಯಾಗಿ ಹೋಗಿ ಗೋಡೆಗೆ ಬಡಿದು ಪುಟಿಯುತ್ತದೆ. ಹಳದಿ ನೆಲ ಮತ್ತು ಚಾವಣಿಯ ಮೇಲೆ ಹರಿದಾಡುತ್ತದೆ. ಬಣ್ಣವಿಲ್ಲದ ಸ್ಕ್ರೀನಿನಲ್ಲಿ ಕೆಂಪು, ನೀಲಿ ಅನ್ನುವ ಮಾತೇ ಇಲ್ಲ. ಕಿರಣದ ಆಕಾರ ನೋಡಿಯೇ ತಿಳಿಯಬೇಕು. ಆಕಾರಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ ಇರುವುದರಿಂದ ಗೊಂದಲ ಆಗುವುದಿಲ್ಲ. ಚಿಕ್ಕ ಸ್ಕ್ರೀನಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪುಟಿಯುವ ಲೇಸರ್. ಮೇಲಿನ ಗೋಡೆಗೂ ಕೆಳಗಿನ ಗೋಡೆಗೂ ನಡುವಿನ ಅಂತರ ಕಡಿಮೆ ಇದ್ದಾಗ ಅದು ಬಲೆಯ ಹಾಗೆ ಇಡೀ ದಾರಿಯನ್ನು ತುಂಬುತ್ತದೆ. ಆರ್ಕೇಡ್‌ನಲ್ಲಿ ಹೆಚ್ಚಿನವರು ಕೆಂಪಿಗೆ ಕೈ ಚಾಚುತ್ತಾರೆ. ಇಲ್ಲಿ ನೀವು ಪುಟಿಯುವುದನ್ನೇ ಹಿಡಿಯಿರಿ.

ವೇಗ ಹೆಚ್ಚಿಸುವ ಐಟಂ ಬಗ್ಗೆಯೂ ಒಂದು ಮಾತು. ನೌಕೆ ಮೊದಲಿಗೆ ತುಂಬಾ ಮಂದ. ಒಂದು ಸ್ಪೀಡ್ ಐಟಂ ಬೇಕೇ ಬೇಕು, ಎರಡು ತೆಗೆದುಕೊಂಡರೆ ಹದ. ಮೂರನೆಯದು ಕಂಡರೆ ಪಕ್ಕಕ್ಕೆ ಸರಿಯಿರಿ. ಇಷ್ಟು ಕಡಿಮೆ ಜಾಗದಲ್ಲಿ ಅತಿ ವೇಗದ ನೌಕೆ ಗೋಡೆಗೆ ಹೋಗಿ ಬಡಿಯುತ್ತದೆ. ಇಲ್ಲಿ ಗೋಡೆ ತಾಗಿದರೂ ಸಾವೇ.

ಎರಡನೆಯ ಲೆವೆಲ್‌ನಲ್ಲಿ ಲೋಹ ಮುಗಿದು ಮಾಂಸ ಶುರುವಾಗುತ್ತದೆ. ಜೀವಂತ ಗುಹೆ, ಹುಳುಗಳು, ಕೊನೆಗೆ ಗೋಮ್ಯಾಂಡರ್ ಎಂಬ ದೊಡ್ಡ ಮಾಂಸದ ಮುದ್ದೆ. ಒಂದು ಉದ್ದನೆಯ ಹುಳು ಅದರ ಮೈಯ ತೂತುಗಳಲ್ಲಿ ಹೊರಬಂದು ಒಳಹೋಗುತ್ತಾ ಇರುತ್ತದೆ. ಮೇಲ್ಭಾಗದ ಕಣ್ಣು ತೆರೆದಾಗ ಮಾತ್ರ ಪೆಟ್ಟು ತಾಗುತ್ತದೆ. ಚೆನ್ನಾಗಿದೆ. ಆದರೆ ನನ್ನ ಮನಸ್ಸು ಮುಂದಿನ ಲೆವೆಲ್ ಮೇಲೆ.

ಮೂರನೆಯ ಲೆವೆಲ್ ಪೂರ್ತಿ ಒಂದೇ ಶತ್ರು. ಸ್ಕ್ರೀನಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಯುದ್ಧನೌಕೆ. ಅದರ ಸುತ್ತ ಸುತ್ತುತ್ತಾ, ಹೊಟ್ಟೆಯಡಿಯ ಮತ್ತು ಬೆನ್ನ ಮೇಲಿನ ಫಿರಂಗಿಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಾ, ಎಂಜಿನ್ನಿನ ಬೆಂಕಿ ತಪ್ಪಿಸಿಕೊಳ್ಳುತ್ತಾ ಹೋಗಬೇಕು. ಆರ್ಕೇಡ್‌ನಲ್ಲೇ ಇದು ಜನ ನಿಂತು ನೋಡುವ ಲೆವೆಲ್. ಗೇಮ್ ಬಾಯ್‌ನಲ್ಲಿ ಇದನ್ನು ಮಾಡಲು ಹೊರಟವರ ಧೈರ್ಯ ಮೆಚ್ಚಬೇಕು.

ಯಾಕೆ ಅಂದರೆ ಈ ಯಂತ್ರದಲ್ಲಿ ಸ್ವತಂತ್ರವಾಗಿ ಓಡಾಡುವ ಚಿತ್ರದ ತುಣುಕುಗಳು, ಅಂದರೆ ಸ್ಪ್ರೈಟ್‌ಗಳು, ಒಮ್ಮೆಗೆ 40 ಮಾತ್ರ. ಒಂದೇ ಅಡ್ಡಗೆರೆಯಲ್ಲಿ 10ಕ್ಕಿಂತ ಜಾಸ್ತಿ ಬಂದರೆ ಉಳಿದವು ಕಾಣುವುದೇ ಇಲ್ಲ. ಒಂದೊಂದು ಸ್ಪ್ರೈಟ್‌ನ ಅಳತೆ ಹೆಚ್ಚೆಂದರೆ 8×16 ಪಿಕ್ಸೆಲ್. ನಲವತ್ತನ್ನೂ ಪಕ್ಕಪಕ್ಕ ಜೋಡಿಸಿದರೂ ಸ್ಕ್ರೀನಿನ ಕಾಲು ಭಾಗ ತುಂಬುವುದಿಲ್ಲ. ಅದರಲ್ಲೇ ನಿಮ್ಮ ನೌಕೆ, ಫೋರ್ಸ್, ಗುಂಡುಗಳೂ ಸೇರಬೇಕು. ಹಾಗಾಗಿ ಈ ಯುದ್ಧನೌಕೆ ಹಿನ್ನೆಲೆಯ ಪದರದಲ್ಲೇ ಇರಬೇಕು, ಬೇರೆ ದಾರಿಯೇ ಇಲ್ಲ. ಸಾಮಾನ್ಯವಾಗಿ ನಕ್ಷತ್ರವೋ ಗೋಡೆಯೋ ಬಿಡಿಸುವ ಪದರವೇ ಇಲ್ಲಿ ಶತ್ರುವಾಗಿ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುತ್ತದೆ. ಆಡುವಾಗ ಇದ್ಯಾವುದೂ ನೆನಪಾಗುವುದಿಲ್ಲ. ತಲೆಯ ಮೇಲೆ ಒಂದು ಭಾರೀ ವಸ್ತು ಇಳಿದು ಬರುತ್ತಿದೆ, ಕೆಳಗೆ ಜಾಗ ಕಡಿಮೆಯಾಗುತ್ತಿದೆ ಅನ್ನುವುದಷ್ಟೇ ತಲೆಯಲ್ಲಿರುತ್ತದೆ. ಸ್ಕ್ರೀನ್ ಚಿಕ್ಕದಾದದ್ದು ಇಲ್ಲಿ ಲಾಭವೇ ಆಗಿದೆ. ನೌಕೆಯ ಪೂರ್ತಿ ಆಕಾರ ಯಾವಾಗಲೂ ಕಾಣುವುದಿಲ್ಲ. ಕಾಣದಿರುವುದರಿಂದ ಅದು ಇನ್ನೂ ದೊಡ್ಡದು ಅನ್ನಿಸುತ್ತದೆ.

ಫೋರ್ಸ್ ಅನ್ನು ಬಾಲಕ್ಕೆ ಅಂಟಿಸುವ ಅಭ್ಯಾಸ ಕಲಿಸುವುದೂ ಈ ಲೆವೆಲ್ಲೇ. ದಾಟಿ ಬಂದ ಫಿರಂಗಿ ಹಿಂದಿನಿಂದ ಹೊಡೆಯುತ್ತದೆ. ಆಗ ಫೋರ್ಸ್ ಮುಂದಕ್ಕೆ ಎಸೆದು, ನೌಕೆಯನ್ನು ಅದರ ಆಚೆಗೆ ದಾಟಿಸಿ, ಬೆನ್ನಿಗೆ ಕರೆದುಕೊಳ್ಳಬೇಕು. ಡಿ-ಪ್ಯಾಡ್ (ದಿಕ್ಕಿನ ಬಟನ್) ಮೇಲೆ ಹೆಬ್ಬೆರಳು ಜಾರಿಸುತ್ತಾ ಇದನ್ನು ಸಲೀಸಾಗಿ ಮಾಡಿದಾಗ ಆಗುವ ಸಂತೋಷವೇ ಬೇರೆ. ಜಾಯ್‌ಸ್ಟಿಕ್‌ಗಿಂತ ಡಿ-ಪ್ಯಾಡ್‌ನಲ್ಲಿ ಈ ಸಣ್ಣ ಹೊಂದಾಣಿಕೆಗಳು ನನಗೆ ಚೆನ್ನಾಗಿ ಕೂಡಿಬರುತ್ತವೆ.

ಇಷ್ಟು ಹೊಗಳಿದ ಮೇಲೆ ನನ್ನ ದೊಡ್ಡ ದೂರು ಹೇಳಲೇಬೇಕು. ಆರ್ಕೇಡ್‌ನಲ್ಲಿ ಎಂಟು ಲೆವೆಲ್‌ಗಳಿವೆ. ಗೇಮ್ ಬಾಯ್‌ನಲ್ಲಿ ಆರು. ನಾಲ್ಕನೆಯದು, ಐದನೆಯದು ಇಲ್ಲ. ಯುದ್ಧನೌಕೆ ಮುಗಿದರೆ ನೇರವಾಗಿ ಆರ್ಕೇಡ್‌ನ ಆರನೆಯದಕ್ಕೆ ಹೋಗುತ್ತೀರಿ. ಆರ್ಕೇಡ್ ಗೊತ್ತಿಲ್ಲದವರಿಗೆ ಏನೂ ಅನ್ನಿಸದು. ಗೊತ್ತಿರುವವರಿಗೆ ಕರುಳು ಚುರುಕ್ ಅನ್ನುತ್ತದೆ.

ನಾಲ್ಕನೆಯ ಲೆವೆಲ್ ಹೋದದ್ದು ನನಗೆ ಇಂದಿಗೂ ನೋವಿನ ವಿಷಯ. ಅಲ್ಲಿನ ಶತ್ರುಗಳು ಹೋದಲ್ಲೆಲ್ಲ ಹಸಿರು ಜಾಲದ ಜಾಡು ಬಿಡುತ್ತವೆ. ನೋಡನೋಡುತ್ತಿದ್ದಂತೆ ಸ್ಕ್ರೀನ್ ಆ ಜಾಲದಿಂದ ತುಂಬುತ್ತದೆ. ನೀವು ಅದನ್ನು ಕೊರೆದುಕೊಂಡೇ ದಾರಿ ಮಾಡಿಕೊಳ್ಳಬೇಕು. ಯಾವುದನ್ನು ಕೊರೆಯಬೇಕು, ಯಾವುದನ್ನು ನಿಮ್ಮ ಕಾವಲಿಗೇ ಬಿಟ್ಟುಕೊಳ್ಳಬೇಕು ಅನ್ನುವ ಯೋಚನೆ ಬೇರೆ ಯಾವ ಲೆವೆಲ್‌ನಲ್ಲೂ ಇಲ್ಲ. ಕೊನೆಯ ಬಾಸ್ ಕಂಪೈಲರ್ ಮೂರು ತುಂಡಾಗಿ ಒಡೆದು, ಮತ್ತೆ ಕೂಡಿಕೊಂಡು ಕಾಡುತ್ತದೆ. ಐದನೆಯದರ ಬಾಸ್ ಬೆಲ್‌ಮೈಟ್ ಕೂಡ ಒಳ್ಳೆಯದೇ. ಮೈತುಂಬಾ ಉಂಡೆಗಳನ್ನು ಹೊದ್ದುಕೊಂಡಿರುತ್ತದೆ, ಅವು ಬಿಡಿಬಿಡಿಯಾಗಿ ನಿಮ್ಮ ಮೇಲೆ ಹಾರಿ ಬರುತ್ತವೆ. ಅದಿಲ್ಲದೆ ನಾನು ಬದುಕಬಲ್ಲೆ. ನಾಲ್ಕನೆಯದು ಇರಬೇಕಿತ್ತು.

ಬೇರೆ ಯಂತ್ರಗಳಿಗೆ ಬಂದ ಆರ್-ಟೈಪ್ ಕೂಡ ಇಂಥ ಇಕ್ಕಟ್ಟನ್ನು ಕಂಡಿದೆ. 1988ರಲ್ಲಿ ಪಿಸಿ ಎಂಜಿನ್ ಎಂಬ ಮನೆಯಲ್ಲಿ ಆಡುವ ಗೇಮ್ ಯಂತ್ರಕ್ಕೆ ಬಂದಾಗ ಜಪಾನಿನಲ್ಲಿ ಆಟವನ್ನು ಎರಡು ಕಾರ್ಡ್‌ಗಳಾಗಿ ಒಡೆದು ಮಾರಿದ್ದರು. ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಜೇಬಿಗೆ ಅದು ಭಾರವೇ, ಆದರೆ ಎಂಟೂ ಲೆವೆಲ್ ಉಳಿದವು ಅಲ್ವಾ? ಗೇಮ್ ಬಾಯ್‌ನಲ್ಲಿ ಆ ಎರಡು ಲೆವೆಲ್‌ಗಳಿಗೆ ಬದಲಾಗಿ ಏನನ್ನೂ ಕೊಟ್ಟಿಲ್ಲ.

ಉಳಿದ ಮೂರರಲ್ಲಿ ಆರ್ಕೇಡ್‌ನ ಆರನೆಯದು ಗೇಮ್ ಬಾಯ್‌ಗೆಂದೇ ಹುಟ್ಟಿದ ಹಾಗಿದೆ. ಚೌಕ ಚೌಕವಾದ ದಾರಿಗಳು. ಆ ದಾರಿಗಳಲ್ಲಿ ಗೊತ್ತಾದ ಗತಿಯಲ್ಲಿ ಸರಿಯುವ ಪೆಟ್ಟಿಗೆಗಳು. ಅವುಗಳ ನಡುವಿನ ಖಾಲಿ ಜಾಗಕ್ಕೆ ನೌಕೆಯನ್ನು ತೂರಿಸಬೇಕು. ಇಲ್ಲಿ ಬೆರಳಿನ ವೇಗಕ್ಕಿಂತ ನೆನಪು ಮುಖ್ಯ. ಪೆಟ್ಟಿಗೆ ಎಲ್ಲಿ ತಿರುಗುತ್ತದೆ, ಯಾವಾಗ ಹಿಂದಿನಿಂದ ಬರುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಬೇಕು. ಸ್ಕ್ರೀನಿನಲ್ಲಿ ಎಲ್ಲವೂ ನೇರ ಗೆರೆ, ಚೌಕ. ನಾಲ್ಕು ಛಾಯೆಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಯಾವ ಲೆವೆಲ್ಲೂ ಕಾಣುವುದಿಲ್ಲ.

ಸಾವಿನ ಕಾನೂನು ಆರ್ಕೇಡ್‌ನದೇ. ಒಂದು ಪೆಟ್ಟು ಬಿದ್ದರೆ ಜೀವ ಹೋಗುತ್ತದೆ. ಫೋರ್ಸ್, ಲೇಸರ್, ಮಿಸೈಲ್, ವೇಗ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಹಿಂದಿನ ಚೆಕ್‌ಪಾಯಿಂಟ್‌ನಿಂದ ಬರಿಗೈಯಲ್ಲಿ ಶುರು. ಮೊದಲೆರಡು ಲೆವೆಲ್‌ಗಳಲ್ಲಿ ಇದು ನ್ಯಾಯವೇ, ಯಾಕೆಂದರೆ ಚೆಕ್‌ಪಾಯಿಂಟ್ ಹತ್ತಿರವೇ ಐಟಂಗಳು ಸಿಗುತ್ತವೆ. ಕೊನೆಯ ಲೆವೆಲ್‌ಗಳಲ್ಲಿ ಮಾತ್ರ ಇದು ಕ್ರೂರ. ಪೂರ್ತಿ ಸಜ್ಜಾಗಿ ಬಂದರೂ ಒದ್ದಾಡುವ ಜಾಗಕ್ಕೆ ಮಂದ ನೌಕೆ, ಸಾದಾ ಗುಂಡು ಹಿಡಿದು ಹೋಗಬೇಕು. ಪ್ರಯಾಣದಲ್ಲಿ ಸ್ವಲ್ಪ ಹೊತ್ತು ಆಡಿ ಮುಚ್ಚಿಡುವ ಯಂತ್ರಕ್ಕೆ ಈ ಒಂದು ವಿಷಯದಲ್ಲಿ ಕಾನೂನು ಸಡಿಲ ಮಾಡಬಹುದಿತ್ತು. ಚೆಕ್‌ಪಾಯಿಂಟ್‌ನಲ್ಲಿ ಕನಿಷ್ಠ ಫೋರ್ಸ್ ಆದರೂ ಕೊಡಬೇಕಿತ್ತು. ಫೋರ್ಸ್ ಇಲ್ಲದ ಆರ್-ಟೈಪ್ ಆರ್-ಟೈಪೇ ಅಲ್ಲ.

ಸದ್ದಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆರ್ಕೇಡ್‌ನ ಸಂಗೀತ ಮಾಸಾತೊ ಇಶಿಝಾಕಿ ಅವರದು, ಯಮಾಹಾ ವೈಎಂ2151 ಚಿಪ್‌ನ ಗಟ್ಟಿ ಲೋಹದ ದನಿ ಅದಕ್ಕಿತ್ತು. ಗೇಮ್ ಬಾಯ್‌ನಲ್ಲಿ ಇರುವುದು ನಾಲ್ಕು ಚಾನೆಲ್ ಮಾತ್ರ. ರಾಗದ ಗುರುತು ಸಿಗುತ್ತದೆ, ಮೈ ತೆಳುವಾಗಿದೆ. ಸ್ಫೋಟಗಳ ಸದ್ದು ಅದರ ಮೇಲೆ ಬಿದ್ದಾಗ ಇನ್ನೂ ತೆಳು ಅನ್ನಿಸುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ. ಈ ಯಂತ್ರದ ಸ್ಪೀಕರ್ ಒಂದೇ, ಇಯರ್‌ಫೋನ್‌ನಲ್ಲಿ ಸ್ಟೀರಿಯೋ ಬರುತ್ತದೆ. ಬೀಮ್ ಬಿಟ್ಟಾಗಿನ ಸದ್ದಂತೂ ಚೆನ್ನಾಗಿಯೇ ಇದೆ.

ಈಗ ಯಾವುದನ್ನು ಹುಡುಕಿ ಕೊಳ್ಳಬೇಕು ಅನ್ನುವ ಪ್ರಶ್ನೆ. 1991ರ ಕಾರ್ಟ್ರಿಡ್ಜ್ ಒಂದು. ಆಮೇಲೆ ಇದೇ ತಂಡ ಆರ್-ಟೈಪ್ 2 ಅನ್ನೂ ಗೇಮ್ ಬಾಯ್‌ಗೆ ತಂದಿತು. 1999ರಲ್ಲಿ ಎರಡನ್ನೂ ಸೇರಿಸಿ ಗೇಮ್ ಬಾಯ್ ಕಲರ್‌ಗೆ ಆರ್-ಟೈಪ್ ಡಿಎಕ್ಸ್ ಬಂತು. ಹಣ ಕೊಡುವುದಾದರೆ ಡಿಎಕ್ಸ್‌ಗೇ ಕೊಡಿ. ಅದರಲ್ಲಿ ಎರಡೂ ಆಟಗಳ ಹಳೆಯ ಕಪ್ಪು-ಬಿಳುಪು ರೂಪ ಇದೆ, ಎರಡಕ್ಕೂ ಬಣ್ಣ ಹಚ್ಚಿದ ರೂಪ ಇದೆ. ಎರಡರ ಲೆವೆಲ್‌ಗಳನ್ನು ಒಂದೇ ಓಟದಲ್ಲಿ ಪೋಣಿಸಿದ ಡಿಎಕ್ಸ್ ಎಂಬ ಐದನೆಯ ಬಗೆಯೂ ಇದೆ. ಹಳೆಯ ಗೇಮ್ ಬಾಯ್‌ಗೆ ಹಾಕಿದರೂ ಕಪ್ಪು-ಬಿಳುಪು ಆಟಗಳು ಓಡುತ್ತವೆ. ಅಂದರೆ 1991ರ ಕಾರ್ಟ್ರಿಡ್ಜ್‌ನಲ್ಲಿ ಇದ್ದದ್ದು ಹೇಗೂ ಇದರೊಳಗೇ ಬರುತ್ತದೆ.

ಬಣ್ಣ ಬಂದದ್ದರಿಂದ ಆದ ಅನುಕೂಲ ಸಣ್ಣದಲ್ಲ. ಗುಂಡು ಗೋಡೆಯಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಲೇಸರ್‌ಗಳಿಗೆ ಅವುಗಳ ಗುರುತು ವಾಪಸ್ ಬಂದಿದೆ. ಡಾಬ್‌ಕೆರಾಟಾಪ್ಸ್ ಮಾತ್ರ ಬಣ್ಣದಲ್ಲಿ ಸ್ವಲ್ಪ ಸೌಮ್ಯವಾಗಿ ಕಾಣುತ್ತದೆ, ನನಗೆ ಅದರ ಕಪ್ಪು-ಬಿಳುಪು ಮುಖವೇ ಮೆಚ್ಚು. ನಾಲ್ಕು ಮತ್ತು ಐದನೆಯ ಲೆವೆಲ್‌ಗಳನ್ನು ಡಿಎಕ್ಸ್‌ನಲ್ಲೂ ವಾಪಸ್ ತಂದಿಲ್ಲ. ಎಂಟು ವರ್ಷ ಕಳೆದಿತ್ತು, ಗೇಮ್ ಬಾಯ್ ಕಲರ್‌ನ ಪ್ರೊಸೆಸರ್ ಹಳೆಯದರ ಎರಡು ಪಟ್ಟು ವೇಗದಲ್ಲಿ ಓಡಬಲ್ಲದು. ಆಗಲಾದರೂ ತರಬೇಕಿತ್ತು ಅಂತ ನನ್ನ ಬಲವಾದ ಅಭಿಪ್ರಾಯ.

ಶುರು ಮಾಡುವವರು ಡಿಎಕ್ಸ್ ಕಾರ್ಟ್ರಿಡ್ಜ್‌ನಲ್ಲಿ ಬಣ್ಣದ ಮೊದಲ ಆರ್-ಟೈಪ್ ತೆರೆಯಿರಿ. ಎರಡನ್ನೂ ಪೋಣಿಸಿದ ಉದ್ದನೆಯ ಓಟಕ್ಕೆ ಈಗಲೇ ಕೈ ಹಾಕಬೇಡಿ. ಆರ್-ಟೈಪ್ 2ರ ಲೆವೆಲ್‌ಗಳು ಇನ್ನೂ ಬಿಗಿಯಾಗಿವೆ, ಬೀಮ್ ಅನ್ನು ಒಂದು ಮಟ್ಟ ದಾಟಿಸಿ ಇನ್ನೂ ತುಂಬಿಸುವ ಹೊಸ ಪಟ್ಟೂ ಅಲ್ಲಿದೆ. ಮೊದಲು ಮೂರನೆಯ ಲೆವೆಲ್‌ನ ಯುದ್ಧನೌಕೆಯನ್ನು ಫೋರ್ಸ್ ಬೆನ್ನಿಗೆ ಕಟ್ಟಿಕೊಂಡು ದಾಟುವುದು ಕೈಗೆ ಹತ್ತಲಿ. ಎರಡನೆಯದು ಆಮೇಲೆ.